ಗೋರಿಯ ಗೋಡೆಯ ಕನ್ನಡ

“ಇದು ನಿನ್ನ ಲಿಪಿ ಅಲ್ವಾ ಬೇವರ್ಸಿ? ಹಾವು ಹರಿದ ಹಾಗೆ ಉಂಟಲ್ಲ, ಮತ್ತೆ ಯಾರದ್ದು?”

ಫೋರ್‌ಮನ್ ಶಂಸುದ್ದೀನ್ ಸಾಂತಪ್ಪನ ಕತ್ತು ಹಿಡಿದು ಗೋಡೆಗೆ ಮೂಗು ತಾಗಿಸಿದ. ಸೌದಿಯ ಮದಾಯಿನ್ ಸಾಲಿಹ್‌ನಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಎರಡು ಸಾವಿರ ವರ್ಷದ ಗೋರಿ ಅದು. ಒಳಗೋಡೆಯ ಮೇಲೆ ಬೀಗದ ಕೈಯಿಂದ ಕೆರೆದ ಹಸಿ ಗಾಯ: ‘ಯೋಗೀಶ್ – ಗೌತಮಿ’. ಕೆಳಗೆ ಕಲ್ಲಿನ ಕೆಂಪು ಪುಡಿ.

ಶಂಸುದ್ದೀನ್ ಕಾಸರಗೋಡಿನ ಕಡೆಯವನು. ಕನ್ನಡ ಅವನ ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅಲ್ಲಿ ಗುಡಿಸುವ ಹದಿನಾಲ್ಕು ಜನರಲ್ಲಿ ಆ ಅಕ್ಷರ ಓದಬಲ್ಲವನು ಸಾಂತಪ್ಪ ಒಬ್ಬನೇ. ಓದಬಲ್ಲವನೇ ಬರೆದವನು ಎಂದು ತೀರ್ಮಾನವಾಗಿತ್ತು.

“ನಾನಲ್ಲ ಮಾರಾಯ್ರೆ. ಬೆಳಿಗ್ಗೆ ನೋಡ್ಲಿಕ್ಕೆ ಬಂದಿದ್ರಲ್ಲ, ಆ ಥುಕ್ಬಾ ಪೇಟೆಯ ಇಂಜಿನಿಯರು ಮತ್ತೆ ಹೆಂಡ್ತಿ? ಅವರ ಹೆಸರು ಇದು.”

“ಕಲಿತವರು ಗೋಡೆ ಗೀಚ್ತಾರಾ ಬೋಳಿಮಗನೇ? ನಡಿ, ಯಲ್ಲಾ!”

ಪಿಕಪ್ಪಿನ ಹಿಂಬದಿಯಲ್ಲಿ ಅಲ್ ಉಲಾ ಪೇಟೆಗೆ ಹೋಗುವಾಗ ಸಾಂತಪ್ಪನ ತಲೆಯಲ್ಲಿದ್ದದ್ದು ಒಂದೇ: ಆಫೀಸಿನ ಮೇಜಿನ ಮೇಲಿರುವ, ಊರಿಗೆ ಹೋಗಲು ಬೇಕಾದ ಅವನ ಎಕ್ಸಿಟ್ ಕಾಗದ. ನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ರಜೆ. ಬುಧವಾರ ಊರಿನಲ್ಲಿ ಹೆಂಡತಿ ನಳಿನಾಕ್ಷಿಗೆ ಗರ್ಭಕೋಶದ ಆಪರೇಷನ್. ‘ನೀವು ಬಂದ ಮೇಲೆಯೇ ಮಾಡಿಸುವುದು’ ಎಂದು ಅವಳು ಎರಡು ಸಲ ಮುಂದೆ ಹಾಕಿದ್ದಳು. ಇಂದು ಸೀಲು ಬೀಳಬೇಕಿತ್ತು.

ಆಫೀಸಿನಲ್ಲಿ ಗುತ್ತಿಗೆ ಕಂಪನಿಯ ಯಜಮಾನ, ಎಲ್ಲರೂ ‘ಮುದೀರ್’ ಎನ್ನುವ ಅರಬ, ಕಾಯುತ್ತಿದ್ದ. ಬರಹ ಓದಿ ಹೇಳಲೆಂದು ದಂಪತಿಯನ್ನು ಹೋಟೆಲಿನಿಂದ ಕರೆಸಿದ್ದರು. ಸೋಫಾ ಕೊಟ್ಟಿದ್ದರು, ಚಹಾ ಕೊಟ್ಟಿದ್ದರು.

ಶಂಸುದ್ದೀನ್ ಮೊಬೈಲಿನ ಫೋಟೊ ಹಿಡಿದ. “ಸಾರ್, ಸಾಂತಪ್ಪ ಅಂತ ಬರ್ದದ್ದಲ್ವಾ ಇದು?”

ಯೋಗೀಶ್ ಕನ್ನಡಕ ಸರಿಮಾಡಿಕೊಂಡರು. ಬೆಳಿಗ್ಗೆ ‘ಓ, ನಮ್ಮ ಊರಿನವನಾ ಮಾರಾಯ!’ ಎಂದು ಸಾಂತಪ್ಪನ ಹೆಗಲು ತಟ್ಟಿ, ಅದೇ ಹೆಗಲಿಗೆ ನೀರಿನ ಪೆಟ್ಟಿಗೆ ಹೊರಿಸಿದ್ದವರು.

“ಹೌದು. ಸಾಂತಪ್ಪ ಅಂತಲೇ ಉಂಟು.”

“ಅಕ್ಕಾ, ನೀವಾದ್ರೂ ಹೇಳಿ,” ಎಂದ ಸಾಂತಪ್ಪ.

ಗೌತಮಿ ಬ್ಯಾಗಿನ ಜಿಪ್ಪು ತೆರೆದರು, ಮುಚ್ಚಿದರು.

ಸಾಂತಪ್ಪ ಮೇಜಿನ ಪೆನ್ನು ಎಳೆದುಕೊಂಡು ಕಾಗದದ ಮೇಲೆ ದೊಡ್ಡದಾಗಿ ‘ಯೋಗೀಶ್’ ಎಂದು ಬರೆದು ಮುದೀರನ ಮುಂದೆ ತಳ್ಳಿದ. “ಗೋಡೆಯಲ್ಲಿ ಇರುವುದು ಇದು. ಇದು ಅವರ ಹೆಸರು!”

ಮುದೀರ್ ಕಾಗದವನ್ನು ಫೋಟೊದ ಪಕ್ಕದಲ್ಲಿಟ್ಟ. ಸುರುಳಿಗೆ ಸುರುಳಿ, ಕೊಂಬಿಗೆ ಕೊಂಬು ಕೂಡಿಬಂತು. “ಶೂಫ್!” ಎಂದು ಬೆರಳಿನಿಂದ ಕುಟ್ಟಿ ನಕ್ಕ.

“ನೋಡು,” ಎಂದ ಶಂಸುದ್ದೀನ್, “ನಿನ್ನ ಕೈಯೇ ಸಾಕ್ಷಿ ಹೇಳ್ತು.”

ತಾನು ಮಾಡಿಕೊಂಡದ್ದೇನು ಎಂದು ಸಾಂತಪ್ಪನಿಗೆ ಆಗ ಹೊಳೆಯಿತು. “ಅವರೂ ಬರೀಲಿ! ಅವರ ಹೆಸರು ಅವರೇ ಬರ್ದು ತೋರಿಸ್ಲಿ!”

ಶಂಸುದ್ದೀನ್ ಗೊಣಗುತ್ತ ಅದನ್ನು ಅರಬಿಯಲ್ಲಿ ಹೇಳಿದ. ಮುದೀರ್ ಪೆನ್ನು ಚಾಚಿದ. ಯೋಗೀಶ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಬರೆದರು.

“ಕನ್ನಡ ಓದ್ತೇನೆ ಅಷ್ಟೆ. ಬರೆದು ಅಭ್ಯಾಸ ಇಲ್ಲ.”

ಅರಬಿಯಲ್ಲಿ ಬರೆದ ಹಾಳೆಯೊಂದು ಬಂತು. ಜೊತೆಗೆ ಶಾಯಿಯ ಪ್ಯಾಡು.

“ಇದರಲ್ಲಿ ಎಂತ ಬರ್ದದ್ದು? ಓದಿ ಹೇಳಿ, ಸಹಿ ಹಾಕ್ತೇನೆ.”

“ನಿನ್ನ ಬರಹ ಸಾಕಾಯ್ತು. ಹೆಬ್ಬೆಟ್ಟು ಒತ್ತು. ಮುದೀರನ ಹತ್ರ ಮಾಫಿ ಕೇಳು. ಎಕ್ಸಿಟ್ ಸೀಲು ಈಗಲೇ ಬೀಳ್ತದೆ.”

ಹೋದ ವರ್ಷ ಜೊತೆಗೆ ಗುಡಿಸುತ್ತಿದ್ದ ಕೋಯನಿಗೂ ಹೀಗೆಯೇ ಹೇಳಿದ್ದರು. ಕೋಯ ಒತ್ತಿದ. ವಿಮಾನ ಹತ್ತಲಿಲ್ಲ, ಪೊಲೀಸ್ ಜೀಪು ಹತ್ತಿದ. ಒತ್ತದಿದ್ದರೆ ಜೀಪೂ ಇಲ್ಲ, ವಿಮಾನವೂ ಇಲ್ಲ. ಪೊರಕೆ ಮತ್ತು ಮರಳು.

“ಕೇಳು ಮಾರಾಯ,” ಎಂದರು ಯೋಗೀಶ್ ಮೆಲ್ಲಗೆ, “ಒಂದು ಮಾಫಿಯಲ್ಲಿ ಹೋಗ್ತದೆ. ನಮಗೂ ದೂರ ಹೋಗ್ಲಿಕ್ಕುಂಟು.”

ಸಾಂತಪ್ಪ ಅವರನ್ನು ನೋಡಲಿಲ್ಲ. ಮುದೀರನ ಕಣ್ಣಿಗೆ ಕಣ್ಣಿಟ್ಟ.

“ಮಾಫಿ.”

ಊರಿನಲ್ಲಾದರೆ ಅದು ಕ್ಷಮೆ ಬೇಡುವ ಮಾತು. ಆದರೆ ಕೊಲ್ಲಿಯಲ್ಲಿ ಕಾಲಿಟ್ಟ ಯಾರಿಗಾದರೂ ಗೊತ್ತು, ಅರಬನ ಮುಂದೆ ಅದಕ್ಕೆ ಅರ್ಥ ಒಂದೇ: ಇಲ್ಲ.

ಯೋಗೀಶರ ಕೈಯಲ್ಲಿ ಚಹಾದ ಲೋಟ ನಿಂತಿತು. ಶಂಸುದ್ದೀನ್ ಸಾಂತಪ್ಪನ ಬಲಗೈ ಹಿಡಿದು ಪ್ಯಾಡಿನತ್ತ ಎಳೆದ. ಹೆಬ್ಬೆಟ್ಟು ಮುಷ್ಟಿಯೊಳಗಿತ್ತು. ಒಂದೊಂದೇ ಬೆರಳು ಬಿಡಿಸತೊಡಗಿದ. ಕಿರುಬೆರಳು ಲಟಕ್ಕೆಂದಿತು.

“ಮಾಫಿ,” ಎಂದ ಸಾಂತಪ್ಪ, ಇನ್ನೂ ಗಟ್ಟಿಯಾಗಿ.

ಮುದೀರ್ ಸೀಲು ಬೀಳದ ಎಕ್ಸಿಟ್ ಕಾಗದವನ್ನು ಎತ್ತಿಕೊಂಡು ಡ್ರಾಯರ್ ಎಳೆದು ಒಳಗೆ ಹಾಕಿದ.