ಕೂಸಿಗಿಂತ ಮುಂಚೆ ಕುಲಾವಿ

ಅಕ್ಕ ಆಟ ಕಟ್ಟುವವಳು, ತಮ್ಮ ಆಟ ಸಾರುವವನು. ಒಂದೇ ಮನೆಯಲ್ಲಿ ಕಿತ್ತಾಡಿಕೊಂಡು ಬೆಳೆದ ಇಬ್ಬರೂ ಈಗ ಒಂದೇ ವಿಡಿಯೋ ಗೇಮಿಗಾಗಿ ದುಡಿಯುತ್ತಿದ್ದರು. ಅಕ್ಕನದು ಬೆರಳೆಣಿಕೆಯ ಜನರ ಪುಟ್ಟ ತಂಡ. ತಮ್ಮ ಇದ್ದದ್ದು ಆ ಗೇಮನ್ನು ಹೊರತರಲು ಒಪ್ಪಿಕೊಂಡ ದೊಡ್ಡ ಪ್ರಕಾಶನ ಸಂಸ್ಥೆಯ ಪ್ರಚಾರ ವಿಭಾಗದಲ್ಲಿ.

ಆಟದ ಹೆಸರು ‘ನೀರೂರು’. ಕಡಲು ಇಳಿದಾಗ ಮಾತ್ರ ಮೇಲೇಳುವ ಒಂದು ಊರು, ಅದರ ಗಲ್ಲಿಗಳಲ್ಲಿ ತಾಯಿಯನ್ನು ಹುಡುಕುವ ಒಬ್ಬ ಹುಡುಗಿ. ನೀರು ಏರುವುದರೊಳಗೆ ಬಂದ ದಾರಿಯನ್ನು ನೆನಪಿಟ್ಟುಕೊಂಡು ಅವಳು ವಾಪಸಾಗಬೇಕು. ಕೇಳಲು ಚೆಂದವೇ. ಆದರೆ ನೀರು ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗೋಡೆ ತೂರಿ ಒಳಗೆ ಬರುತ್ತಿತ್ತು, ಮೆಟ್ಟಿಲ ಮೇಲೆ ಗಾಜಿನ ಹಾಳೆಯಂತೆ ನಿಂತುಬಿಡುತ್ತಿತ್ತು. ಒಮ್ಮೊಮ್ಮೆ ಹುಡುಗಿ ಅದರಡಿಗೆ ಜಾರಿ, ನೆಲವೇ ಸಿಗದೆ ಬೀಳುತ್ತಲೇ ಇರುತ್ತಿದ್ದಳು. ಆ ನೀರನ್ನು ಪಳಗಿಸುವ ಕೆಲಸ ಹೊತ್ತ ಪ್ರೋಗ್ರಾಮರನಿಗೆ ತಂಡದವರೆಲ್ಲ ನೀರಪ್ಪ ಎಂದು ಹೆಸರಿಟ್ಟಿದ್ದರು. ಅವನು ಅದಕ್ಕೆ ನಗುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹೀಗಿರುವಾಗ ತಮ್ಮನ ಫೋನ್ ಬಂತು. “ಅಕ್ಕ, ಈ ಸಲದ ಗೇಮಿಂಗ್ ಮೇಳದಲ್ಲಿ ನೀರೂರು ಘೋಷಣೆ ಮಾಡ್ತಿದೀವಿ. ವಿಡಿಯೋ ರೆಡಿ.”

“ಆಟವೇ ರೆಡಿ ಇಲ್ಲ. ವಿಡಿಯೋ ಎಲ್ಲಿಂದ ಬಂತು?”

“ಒಂದು ಆನಿಮೇಷನ್ ಕಂಪನಿ ಹತ್ರ ಮಾಡಿಸಿದ್ವಿ. ನೀನು ಕಂಟ್ರೋಲರ್ ಹಿಡ್ಕೊಂಡು ವೇದಿಕೆ ಮೇಲೆ ಕೂತ್ರೆ ಸಾಕು. ನೀನೇ ಆಡ್ತಿದೀಯ ಅಂದ್ಕೋತಾರೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ ಕಣೋ.”

“ಕುಲಾವಿ ನೋಡಿದ್ರೇನೇ ಜನ ಕೂಸಿಗೆ ಕಾಯೋದು,” ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ, “ಈ ಸಲ ತೋರಿಸ್ಲಿಲ್ಲ ಅಂದ್ರೆ ನಮ್ಮ ಕಂಪನಿ ಯಜಮಾನ್ರು ನಿಮ್ಮನ್ನ ಬಿಟ್ಟು ಬೇರೆ ಆಟ ಹಿಡೀತಾರೆ. ನಿಜ ಹೇಳ್ತಿದೀನಿ,” ಎಂದ.

ಅಕ್ಕ ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡಳು.

ಮೇಳದ ಸಭಾಂಗಣ ತುಂಬಿ ತುಳುಕುತ್ತಿತ್ತು. ವೇದಿಕೆಯ ಕುರ್ಚಿಯಲ್ಲಿ ಅವಳು ಕೂತಿದ್ದಳು, ಕಿವಿಯೊಳಗೆ ಸಣ್ಣ ಇಯರ್‌ಫೋನ್, ಅದರಲ್ಲಿ ತೆರೆಮರೆಯಿಂದ ತಮ್ಮನ ದನಿ. ಹಿಂದಿನ ದೊಡ್ಡ ಪರದೆಯ ಮೇಲೆ ಹುಡುಗಿ ಓಡತೊಡಗಿದಳು. ನೀರು ಎಷ್ಟು ಸೊಗಸಾಗಿ ಕಲ್ಲಿಗೆ ಬಡಿದು ನೊರೆಯಾಗುತ್ತಿತ್ತೆಂದರೆ ಅಕ್ಕನಿಗೇ ಹೊಟ್ಟೆಯುರಿಯಿತು. ತಾಲೀಮು ಮಾಡಿದಂತೆ ಹೆಬ್ಬೆರಳನ್ನು ಆ ಕಡೆ ಈ ಕಡೆ ಆಡಿಸಿದಳು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ನಿರೂಪಕಿಗೆ ಒಳಗುಟ್ಟು ತಿಳಿದಿರಲಿಲ್ಲ. ಅವಳು ಉತ್ಸಾಹದಲ್ಲಿ ಮುಂದೆ ಬಗ್ಗಿದಳು. “ಅಬ್ಬಾ! ಒಂದು ಸಲ ಹಿಂದೆ ತಿರುಗಿ. ನೀರು ಎಲ್ಲೀವರೆಗೆ ಬಂದಿದೆ ನೋಡೋಣ!”

ಅಕ್ಕನ ಹೆಬ್ಬೆರಳು ನಿಂತಿತು. ಹುಡುಗಿ ಮುಂದಕ್ಕೇ ಓಡುತ್ತಿದ್ದಳು. ಸಿನಿಮಾದ ಹುಡುಗಿ ಯಾರು ಕರೆದರೂ ತಿರುಗುವವಳಲ್ಲ.

“ಹಿಂದೆ,” ಎಂದಳು ನಿರೂಪಕಿ ಮತ್ತೆ. ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಪಿಸುಮಾತು ಹಿಂದಿನ ಸಾಲಿಗೆ ದಾಟಿತು.

“ಅಕ್ಕ, ಏನಾದ್ರೂ ಹೇಳು,” ಎಂದಿತು ಕಿವಿಯ ದನಿ. “ಏನಾದ್ರೂ!”

“ಆಗಲ್ಲ,” ಎಂದುಬಿಟ್ಟಳು ಅಕ್ಕ. ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು. ಆಮೇಲಿನ ಮಾತು ಎಲ್ಲಿಂದ ಬಂತೋ, ಅವಳಿಗೇ ಗೊತ್ತಾಗಲಿಲ್ಲ. “ಈ ಆಟದಲ್ಲಿ ಹಿಂದೆ ತಿರುಗೋ ಹಾಗಿಲ್ಲ. ಒಮ್ಮೆ ಹೊರಟರೆ ಮುಂದಕ್ಕೆ ಮಾತ್ರ.”

ಹಿಂದಿನ ಸಾಲಿನಿಂದ ಯಾರೋ ‘ವಾಹ್’ ಎಂದರು. ಆಮೇಲೆ ಚಪ್ಪಾಳೆ ಶುರುವಾಯಿತು. ಜನ ಎದ್ದು ನಿಂತು ತಟ್ಟಿದರು.

ಅವಳು ವೇದಿಕೆ ಇಳಿಯುವಷ್ಟರಲ್ಲಿ ಆ ಸುಳ್ಳಿಗೆ ರೆಕ್ಕೆ ಬಂದಿತ್ತು. ಹಿಂದೆ ತಿರುಗದ ಆಟವಂತೆ, ಎಂಥ ಧೈರ್ಯ ನೋಡಿ ಎಂದು ಫೋನುಗಳಲ್ಲೆಲ್ಲ ಅದೇ ಮಾತು. ನೀರಪ್ಪ ಕರೆ ಮಾಡಿದ. ಕೋಪವಿದ್ದರೂ ದನಿ ಏರಿಸುವವನಲ್ಲ ಅವನು.

“ಮೇಡಂ, ಹಿಂದೆ ತಿರುಗಿ ಬರೋದೇ ನಮ್ಮ ಆಟ ಅಲ್ವಾ? ಇಷ್ಟು ದಿನ ನಾವೆಲ್ಲ ಕೂತು ಮಾಡಿದ್ದೇನು ಮತ್ತೆ?”

ಅಷ್ಟರಲ್ಲಿ ಸಂಸ್ಥೆಯ ಯಜಮಾನರು ಬಂದು ಕೈ ಕುಲುಕಿದರು. “ಚಿಂದಿ ಮಾಡಿಬಿಟ್ರಿ! ಕಬ್ಬಿಣ ಕಾದಿದೆ, ಈಗಲೇ ಬಡೀಬೇಕು. ಸಂಜೆ ಸಮಾರೋಪದಲ್ಲಿ ಬಿಡುಗಡೆ ತಾರೀಖೂ ಹೇಳಿಬಿಡ್ತೀನಿ. ಬರೋ ಬೇಸಿಗೆ.”

“ಸರ್, ಬೇಸಿಗೆಗೆ ಆಗಲ್ಲ. ನೀರೇ ಹದಕ್ಕೆ ಬಂದಿಲ್ಲ ಇನ್ನೂ. ನಾನು ಅಲ್ಲಿ ಹೇಳಿದ್ದೂ...”

“ತಾರೀಖು ಹೇಳಿದ ಮೇಲೆ ಎಲ್ಲಾ ಆಗುತ್ತೆ,” ಎಂದವರೇ ಹೊರಟುಹೋದರು.

ಸಮಾರೋಪಕ್ಕೆ ಇನ್ನೇನು ತುಸು ಹೊತ್ತು. ಅಕ್ಕ ವೇದಿಕೆಯ ಹಿಂದಿನ ಇಕ್ಕಟ್ಟಾದ ಕೋಣೆಗೆ ನುಗ್ಗಿದಳು. ಪರದೆಯ ಮೇಲೆ ಏನು ಬರಬೇಕೆಂಬುದನ್ನು ಅಲ್ಲಿಂದಲೇ ನಡೆಸುವುದು. ಕಂಪ್ಯೂಟರಿನ ಮುಂದೆ ತಮ್ಮ ಒಬ್ಬನೇ ಕೂತಿದ್ದ. ನೀರೂರಿನ ಚಿತ್ರ, ಕೆಳಗೆ ದಪ್ಪ ಅಕ್ಷರದ ತಾರೀಖು ಸಿದ್ಧವಾಗಿತ್ತು.

“ಅದನ್ನ ತೆಗಿ.”

“ತಲೆ ಕೆಟ್ಟಿದೆಯಾ? ಹಿಂದೆ ತಿರುಗಲ್ಲ ಅಂತ ಹೇಳಿದ್ದು ಯಾರು? ನಾನಾ?”

“ನಾನೇ. ಬಾಯಿ ತಪ್ಪಿ ಅಲ್ಲ, ಹೆದರಿ ಹೇಳ್ದೆ. ಆ ಸುಳ್ಳನ್ನ ನಾನು ಹೇಗಾದ್ರೂ ನುಂಗ್ಕೋತೀನಿ. ಆದ್ರೆ ಈ ತಾರೀಖು ಒಂದು ಸಲ ಆಚೆ ಹೋಯ್ತು ಅಂದ್ರೆ ನನ್ನ ಹುಡುಗರು ಸಾಯ್ತಾರೆ ಕಣೋ. ನೀರಪ್ಪ ಈಗ್ಲೇ ಆಫೀಸಲ್ಲೇ ಮಲಗ್ತಾನೆ. ಕೊನೆಗೆ ಅರೆಬೆಂದಿದ್ದನ್ನೇ ಹೊರಗೆ ಬಿಡ್ತೀವಿ, ಇವತ್ತು ಚಪ್ಪಾಳೆ ತಟ್ಟಿದವರೇ ಉಗೀತಾರೆ.”

ತಮ್ಮನ ಕಣ್ಣು ಪರದೆಯ ಮೇಲೇ ಇತ್ತು. ಹೊರಗೆ ಯಜಮಾನರ ಭಾಷಣ ಶುರುವಾಗಿತ್ತು. ಗೋಡೆಯಾಚೆಯಿಂದ ಅವರ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು.

“ಇದನ್ನ ತೆಗೆದ್ರೆ ನನ್ನ ಕತೆ ಮುಗೀತು, ಗೊತ್ತಲ್ಲ?”

“ಗೊತ್ತು.”

“ಗೊತ್ತಿದ್ದೂ ಕೇಳ್ತಿದೀಯ.”

“ಹೂಂ.”

“ನೀರೂರು ಯಾವತ್ತು ನಿಮ್ಮ ಕೈ ಸೇರುತ್ತೆ ಅಂದ್ರೆ...” ಎಂದು ಯಜಮಾನರು ನಾಟಕೀಯವಾಗಿ ಪರದೆಯತ್ತ ಕೈ ಚಾಚಿದರು. ಕೋಣೆಯೊಳಗೆ ತಮ್ಮನೇ ಗುಂಡಿ ಒತ್ತಿದ. ಚಿತ್ರ ಬಂತು, ಹೆಸರು ಬಂತು. ಅದರ ಕೆಳಗೆ ಏನೂ ಇರಲಿಲ್ಲ. ಚಾಚಿದ ಕೈ ಹಾಗೇ ಉಳಿಯಿತು. ಜನ ಕಾದರು. ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ಚಾಲಾಕಿನವರು. “ಅದು ಸದ್ಯಕ್ಕೆ ಗುಟ್ಟು!” ಎಂದು ನಗುತ್ತಲೇ ಇಳಿದುಬಂದರು. ಕೋಣೆಯ ಬಾಗಿಲು ದಾಟಿದ ಮೇಲೆ ಆ ನಗು ಇರಲಿಲ್ಲ. ಯಾರನ್ನೂ ಬೈಯಲಿಲ್ಲ. ತಮ್ಮನ ಕೊರಳಲ್ಲಿದ್ದ ಗುರುತಿನ ಚೀಟಿಗೆ ಕೈ ಚಾಚಿದರು, ಅಷ್ಟೇ.

ಮಾರನೆಯ ದಿನ ಅಕ್ಕ ತಂಡದ ಅಂತರ್ಜಾಲ ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನೀವು ಕಂಡದ್ದು ಆಟವಲ್ಲ, ಸಿನಿಮಾ. ನಮ್ಮ ಹುಡುಗಿ ಹಿಂದೆ ತಿರುಗುತ್ತಾಳೆ, ನಾನು ಹೇಳಿದ್ದು ಸುಳ್ಳು. ಬೈಗುಳದ ಸುರಿಮಳೆಯೇ ಆಯಿತು. ಕಳ್ಳಿ ಎಂದರು, ಅದಕ್ಕಿಂತ ಕೆಟ್ಟದ್ದನ್ನೂ ಅಂದರು. ವಾರಗಟ್ಟಲೆ ಅವಳು ಫೋನನ್ನು ಬೋರಲು ಹಾಕಿಯೇ ಇಟ್ಟಳು.

ಆಟ ನಿಂತೇ ಹೋಯಿತು ಎಂದು ತಂಡ ಕೈಚೆಲ್ಲಿ ಕೂತಿದ್ದಾಗ ಯಜಮಾನರೇ ಹೇಳದೆ ಕೇಳದೆ ಆಫೀಸಿಗೆ ಬಂದರು. “ಆಟ ತೋರಿಸಿ. ಸಿನಿಮಾ ಬೇಡ,” ಎಂದು ಕುರ್ಚಿ ಎಳೆದುಕೊಂಡರು. ಹುಡುಗಿ ಮೆಟ್ಟಿಲಲ್ಲೇ ನೀರಿನಡಿಗೆ ಜಾರಿದಳು. ನೀರಪ್ಪ ಮುಖ ಮುಚ್ಚಿಕೊಂಡ. ಯಜಮಾನರು ಮತ್ತೆ ಮೊದಲಿನಿಂದ ಆಡಿದರು. ಗಲ್ಲಿಗಳಲ್ಲಿ ದಾರಿ ತಪ್ಪಿದರು, ನೀರು ಏರುವುದನ್ನು ಕಂಡು ಕುರ್ಚಿಯ ತುದಿಗೆ ಜರುಗಿದರು.

“ಯಾವಾಗ ಆಗುತ್ತೆ?”

“ಗೊತ್ತಿಲ್ಲ ಸರ್.”

“ಗೊತ್ತಾದಾಗ ಹೇಳಿ.” ಬಾಗಿಲ ಬಳಿ ನಿಂತು, “ನಿಮ್ಮ ತಮ್ಮನ್ನ ಮಾತ್ರ ವಾಪಸ್ ಕರ್ಕೊಳ್ಳಲ್ಲ,” ಎಂದರು.

ಆ ಮಾತನ್ನು ತಮ್ಮನಿಗೆ ಮುಟ್ಟಿಸುವ ಕೆಲಸ ಅಕ್ಕನ ಪಾಲಿಗೇ ಬಂತು. ಅವನು ಅವಳ ಮನೆಯ ಸೋಫಾದಲ್ಲಿ ಕಾಲು ಚಾಚಿಕೊಂಡು ಕೆಲಸ ಹುಡುಕುತ್ತಿದ್ದ. ಆಟ ಉಳಿಯಿತೆಂದು ಕೇಳಿ ನಕ್ಕ. ತನ್ನ ವಿಷಯ ಕೇಳಿ ಮತ್ತೆ ಫೋನಿನಲ್ಲಿ ಕೆಲಸ ಹುಡುಕತೊಡಗಿದ.

“ನಿನ್ನಿಂದಾನೇ ಹೀಗಾಯ್ತು ಅಂತ ನಾನು ಯಾರ ಹತ್ರಾನೂ ಹೇಳಲ್ಲ ಅಕ್ಕ,” ಎಂದ. “ಆದ್ರೆ ನಿನ್ನಿಂದಾನೇ ಆಗಿದ್ದು.”

ಅಕ್ಕ ಅಲ್ಲವೆನ್ನಲಿಲ್ಲ. ಅವನ ಕಾಲನ್ನು ಪಕ್ಕಕ್ಕೆ ಸರಿಸಿ, ಅದೇ ಸೋಫಾದ ತುದಿಯಲ್ಲಿ ಕೂತಳು.