ಗಾಳೆಪ್ಪನೂ ಪಂಪಾವತಿಯೂ ಕಡಲಿಗೆ ಹೋದದ್ದು

ಆ ವರ್ಷ ಆಷಾಢದಲ್ಲಿ ಸಂಡೂರಿನ ಗುಡ್ಡಗಳ ಮೇಲೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅದಿರು ಒದ್ದೆಯಾಗಿ ಕ್ರಷರಿನ ಜರಡಿಗೆ ಮೆತ್ತಿಕೊಳ್ಳತೊಡಗಿದ್ದರಿಂದ ಯಂತ್ರ ನಿಲ್ಲಿಸಿದರು. ಹಗಲು ರಾತ್ರಿ ಹೊಸಪೇಟೆಯನ್ನು ಅಲ್ಲಾಡಿಸುತ್ತಿದ್ದ ಲಾರಿಗಳು ರಸ್ತೆ ಬದಿಗೆ ಸಾಲಾಗಿ ತಾಡಪಾಲು ಹೊದ್ದು ನಿಂತವು. ಗಿಡಮರಗಳ ಮೇಲೆ, ಮಾಳಿಗೆಗಳ ಮೇಲೆ, ಹಗ್ಗಕ್ಕೆ ಹರವಿದ ಬಟ್ಟೆಗಳ ಮೇಲೆ ವರ್ಷವೆಲ್ಲ ಕೂತಿರುತ್ತಿದ್ದ ಕೆಂಪು ಧೂಳು ತೊಳೆದುಹೋಗಿ, ಬೇವಿನ ಎಲೆ ಹಸಿರು ಅನ್ನುವುದು ಜನಕ್ಕೆ ಮತ್ತೆ ಕಂಡಿತು.

ಗಾಳೆಪ್ಪ ಆ ಕ್ರಷರಿನಲ್ಲಿ ಆಪರೇಟರ್. ಗುಡ್ಡದ ತುದಿಯಲ್ಲಿ, ಕಲ್ಲು ಜಗಿಯುವ ಯಂತ್ರದ ಪಕ್ಕದಲ್ಲೇ ನಿಂತು ಎಂಟೊಂಬತ್ತು ವರ್ಷ ಕಳೆದಿದ್ದ. ಮಳೆ ಬಂತೆಂದು ಮನೆಯಲ್ಲಿ ಸುಮ್ಮನೆ ಕೂತವನನ್ನು ಒಂದು ದಿನ ಮಾಲೀಕರು ಕರೆಸಿ ಕೈಗೆ ಒಂದು ಕೂಪನ್ ಇಟ್ಟರು. ಲಾರಿ ಟೈರುಗಳನ್ನು ಒಟ್ಟಿಗೆ ಕೊಂಡದ್ದಕ್ಕೆ ಅಂಗಡಿಯವರು ಕೊಟ್ಟದ್ದು. ಗೋವಾದ ಕೋಲ್ವಾದಲ್ಲಿ, ಕಡಲ ದಂಡೆಯ ರೆಸಾರ್ಟಿನಲ್ಲಿ ಇಬ್ಬರು ಎರಡು ದಿನ ಉಳಿಯಬಹುದು.

"ನನ್ನ ಹತ್ರ ಇಂಥವು ಇನ್ನೂ ಅದಾವು. ಈ ಮಳಿಯಾಗ ಯಾರು ಹೋಗ್ತಾರ? ನೀನು ಮನಿಯಾಕೀನ ಕರ್ಕೊಂಡು ಹೋಗಿ ಬಾರಲೇ" ಅಂದರು ಮಾಲೀಕರು.

ಪಂಪಾವತಿಗೆ ಇಷ್ಟವಿರಲಿಲ್ಲ. ಗಂಡನ ಜೊತೆ ಎರಡು ದಿನ ಒಂದೇ ಕೋಣೆಯಲ್ಲಿ ಕೂತು ಮಾಡುವುದೇನು ಎಂಬ ಯೋಚನೆ ಅವಳದು. ಕಂಪ್ಲಿಯ ಹೊಳೆದಂಡೆಯ ಮನೆಯಲ್ಲಿ ಹತ್ತು ಮಂದಿಯ ಗದ್ದಲದೊಳಗೆ ಬೆಳೆದವಳು. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಮದುವೆಯಾದಾಗ ಗಾಳೆಪ್ಪನೂ ಮಾತಿನ ಮಲ್ಲನೇ. ಡ್ಯಾಮಿನ ಗೇಟು ತೆಗೆದರೆ ಸಾಕು, ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನೀರು ತೋರಿಸಲು ಒಯ್ಯುತ್ತಿದ್ದ. ದಾರಿಯುದ್ದಕ್ಕೂ ಬಾಯಿಗೆ ಬಿಡುವಿರಲಿಲ್ಲ. ಗುಡ್ಡದ ಕೆಲಸ ಹಿಡಿದ ಮೇಲೆ ಬದಲಾದ. ಕೈಗೆ ನಾಲ್ಕು ಕಾಸು ಬಂತು, ತಲೆಗೆ ಸೊಕ್ಕು ಬಂತು ಎಂದು ಅವಳು ತೀರ್ಮಾನಿಸಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಅಡುಗೆಮನೆಯಿಂದ ಕೇಳಿದ್ದಕ್ಕೆ ಉತ್ತರವಿಲ್ಲ. ದೀಪ ಆರಿಸಿ ಮಲಗಿದ ಮೇಲೆ ಅವಳು ಏನಾದರೂ ಹೇಳಿಕೊಂಡರೆ ಗೋಡೆಗೆ ಮುಖ ಮಾಡಿದ ಬೆನ್ನು ಅಲುಗುತ್ತಿರಲಿಲ್ಲ.

ಬಳ್ಳಾರಿಯ ಹಾಸ್ಟೆಲಿನಲ್ಲಿದ್ದ ಮಗಳು ಕಾವ್ಯ ಫೋನಿನಲ್ಲಿ ಬೈದಳು. "ಅವ್ವ, ಸಮುದ್ರ ನೋಡಿಯೇನು ನೀನು? ಇಲ್ಲಲ್ಲ? ಹಂಗಾರ ಸುಮ್ಮನ ಹೋಗು."

ಸಮುದ್ರವನ್ನು ಅವಳು ನೋಡಿರಲಿಲ್ಲ. ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬುತ್ತಿ ಕಟ್ಟಿಕೊಂಡು ಹೊರಟಳು.

ಬೆಳಗಿನ ಮಬ್ಬಿನಲ್ಲಿ ಹೊಸಪೇಟೆಯಲ್ಲಿ ಹತ್ತಿದ ರೈಲು ಕೊಪ್ಪಳ, ಗದಗ ದಾಟಿ ಮೋಡಗಳ ಕೆಳಗೇ ಓಡುತ್ತಿತ್ತು. ಎರೆಹೊಲಗಳು ನೀರುಂಡು ಕಪ್ಪಗೆ ಹೊಳೆಯುತ್ತಿದ್ದವು. ಎದುರಿಗೆ ಕೂತಿದ್ದ ಮುದುಕಿ ಭರಮಮ್ಮ ವಾಸ್ಕೋಗೆ, ಬಂದರಿನಲ್ಲಿ ದುಡಿಯುವ ಮಗನ ಮನೆಗೆ ಹೊರಟವಳು. ಹುಬ್ಬಳ್ಳಿ ಬರುವಷ್ಟರಲ್ಲಿ ಮೂವರೂ ರೊಟ್ಟಿ ಹಂಚಿಕೊಂಡು ತಿಂದಿದ್ದರು. ಗಾಳೆಪ್ಪ ಮುದುಕಿಯ ಮುಖವನ್ನೇ ನೋಡುತ್ತ ಅವಳ ಮಾತಿಗೆಲ್ಲ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದ. ಹೊರಗಿನವರ ಜೊತೆ ಇಷ್ಟು ಮಾತಾಡುತ್ತಾನಲ್ಲ ಎಂದು ಪಂಪಾವತಿಗೆ ಹೊಟ್ಟೆಯೊಳಗೆ ಉರಿಯಿತು.

ಲೋಂಡಾ ದಾಟಿತು. ಹೊಲಗಳು ಮುಗಿದು ಕಾಡು ಬಂತು. ಕ್ಯಾಸಲ್‌ರಾಕಿನಲ್ಲಿ ಹೆಚ್ಚಿನ ಎಂಜಿನ್ ಕಟ್ಟಿಸಿಕೊಂಡ ರೈಲು ಘಟ್ಟ ಇಳಿಯತೊಡಗಿದಾಗ ಕಿಟಕಿಯಾಚೆ ಏನೂ ಉಳಿಯಲಿಲ್ಲ. ಬರೀ ಬಿಳಿ ಮಂಜು, ಅದರೊಳಗಿಂದ ತೇಲಿಬಂದು ಹಿಂದೆ ಸರಿಯುವ ಒಂದೊಂದು ಮರ. ಬಂಡೆಗಳ ಮೈಯಿಂದ ನೂಲಿನಂತೆ ನೀರು ಇಳಿಯುತ್ತಿತ್ತು. ರೈಲು ಹಳಿಯ ಮೇಲಲ್ಲ, ಮೋಡದ ಮೇಲೆ ಜಾರುತ್ತಿದೆಯೇನೋ ಅನ್ನಿಸಿತು ಪಂಪಾವತಿಗೆ. ಅಷ್ಟರಲ್ಲಿ ಸುರಂಗ ಬಂತು. ಬೋಗಿಯ ದೀಪ ಕೆಟ್ಟಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲು. ಮತ್ತೆ ಬೆಳಕು, ಮತ್ತೆ ಸುರಂಗ.

ಮೂರನೆಯದೋ ನಾಲ್ಕನೆಯದೋ ದಾಟಿದ ಮೇಲೆ ಭರಮಮ್ಮ ನಕ್ಕಳು. "ಏನವ್ವಾ, ನಿನ್ನ ಗಂಡಗ ಕತ್ಲಂದ್ರ ಅಂಜಿಕಿ ಐತೇನು? ಬೆಳಕಿನಾಗ ಚಲೋ ಮಾತಾಡ್ತಾನ. ಕತ್ಲಾತು ಅಂದ್ರ ಏನು ಕೇಳಿದ್ರೂ ಮೂಗ್ಯಾ ಆಗ್ತಾನ."

ಪಂಪಾವತಿ ನಗಲಿಲ್ಲ. ಮುಂದಿನ ಸುರಂಗಕ್ಕಾಗಿ ಕಾದಳು. ಕತ್ತಲು ಕವಿದದ್ದೇ ತಡ, ಗಟ್ಟಿಯಾಗಿ ಹೇಳಿದಳು: "ರೀ, ನಾ ಮನಿಗೆ ಕೀಲಿನ ಹಾಕಿಲ್ಲ! ಬಾಗ್ಲಾ ಹಂಗ ತೆರದು ಬಂದೀನಿ!"

ಮನೆ ಬೀಗದ ವಿಷಯದಲ್ಲಿ ಗಾಳೆಪ್ಪ ಮೂರು ಸಲ ಹಿಂತಿರುಗಿ ಹೋಗಿ ನೋಡುವ ಆಸಾಮಿ; ಇವತ್ತು ಮಾತ್ರ ರೈಲಿನ ಅವಸರದಲ್ಲಿ ಅದನ್ನು ಅವಳಿಗೆ ಬಿಟ್ಟಿದ್ದ. ಪಕ್ಕದಲ್ಲಿ ಅವನ ತೋಳು ಅವಳ ತೋಳಿಗೆ ತಾಗಿಯೇ ಇತ್ತು. ಅದು ಅಲುಗಲಿಲ್ಲ.

ಬೆಳಕು ಬಂತು. ಅವಳು ಅವನ ಕಡೆ ತಿರುಗಿ, ಅದೇ ಮಾತನ್ನು ಈ ಸಲ ದನಿಯಿಲ್ಲದೆ, ಬರೀ ತುಟಿಯಲ್ಲಿ ಆಡಿದಳು.

"ಏನು? ಕೀಲಿ ಹಾಕಿಲ್ಲಾ?" ಗಾಳೆಪ್ಪ ಸೀಟಿನಿಂದ ಎದ್ದೇಬಿಟ್ಟ. "ಏನ್ ಹೆಂಗಸಲೇ ನೀನು!"

"ಹಾಕೀನಿ, ಹಾಕೀನಿ. ಕುಂದ್ರಿ" ಎಂದು ಕೀಲಿಕೈ ತೆಗೆದು ತೋರಿಸಿದಳು. ಮುದುಕಿಗೆ ಅರ್ಥವಾಗಿರಬೇಕು, ನಗು ನಿಲ್ಲಿಸಿ, ಸೆರಗು ಹೊದ್ದು ಕಿಟಕಿಯ ಕಡೆ ಮುಖ ಮಾಡಿದಳು.

ದೂಧ್‌ಸಾಗರದ ಎದುರು ರೈಲು ನಿಧಾನವಾಯಿತು. ಬೋಗಿಯ ಮಂದಿಯೆಲ್ಲ ಬಾಗಿಲಿಗೆ ನುಗ್ಗಿದರು. ಆಕಾಶದಲ್ಲೆಲ್ಲೋ ಹುಟ್ಟಿದ ಹಾಲಿನಂಥ ನೀರು ಬೆಟ್ಟವನ್ನೆಲ್ಲ ತೋಯಿಸುತ್ತ ಹಳಿಯ ಪಕ್ಕಕ್ಕೇ ಬಂದು ಬೀಳುತ್ತಿತ್ತು. ಅದರ ಅಬ್ಬರಕ್ಕೆ ಎದೆಯೊಳಗೆ ನಗಾರಿ ಬಡಿದಂತಾಗಿ ಮಕ್ಕಳು ಕಿವಿ ಮುಚ್ಚಿಕೊಂಡರು. ಹನಿ ಹಾರಿಬಂದು ಮುಖ ತೊಯ್ದಿತು. ಗಾಳೆಪ್ಪ ಬಹಳ ಹೊತ್ತು ನೋಡಿದ.

"ಎಷ್ಟು ಮೆತ್ತಗ ಬೀಳಾಕ ಹತ್ತೈತಿ ನೋಡು, ಪಂಪೀ" ಅಂದ. "ಹತ್ತಿ ಅರಳಿ ಹಾರಿದಂಗ."

ಪಂಪಾವತಿ ಅವನ ತೋಳು ಹಿಡಿದುಕೊಂಡಳು.

ಮಡಗಾಂವಿನಲ್ಲಿ ಇಳಿದಾಗಲೂ ಮಳೆ. ರೆಸಾರ್ಟಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಗಿರಾಕಿಗಳೇ ಇರಲಿಲ್ಲ. ಈಜುವ ಕೊಳದಲ್ಲಿ ಮಳೆ ಒಂದೇ ಈಜುತ್ತಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ನೋಡಿಕೊಳ್ಳುವ ಹೆಂಗಸು ಕಾರವಾರದ ಕಡೆಯವಳು, ಕನ್ನಡ ಬಲ್ಲವಳು. "ನೀರಿಗೆ ಮಾತ್ರ ಇಳೀಬೇಡಿ. ಈ ತಿಂಗಳಲ್ಲಿ ಸಮುದ್ರಕ್ಕೆ ಸಿಟ್ಟು ಜಾಸ್ತಿ" ಎಂದು ಎರಡು ಕೊಡೆ ಕೊಟ್ಟಳು.

ಅವರು ಒಂದೇ ಕೊಡೆ ತೆಗೆದುಕೊಂಡು ಹೋದರು. ತೆಂಗಿನ ಮರಗಳ ಸಂದಿಯಿಂದ ಹೊರಬಿದ್ದಾಗ ಪಂಪಾವತಿಗೆ ಮೊದಲು ಕಡಲು ಕಾಣಲೇ ಇಲ್ಲ. ಬೂದಿ ಬಣ್ಣದ ಆಕಾಶವೇ ನೆಲದ ತನಕ ಇಳಿದು ಬಂದಿದೆ ಅಂದುಕೊಂಡಳು. ಆಮೇಲೆ ಆ ಆಕಾಶ ಮೇಲೆದ್ದು, ಮಡಿಚಿಕೊಂಡು, ಬಿಳಿ ನೊರೆಯಾಗಿ ಅವಳ ಕಡೆ ಓಡಿ ಬಂತು. ಅವಳ ಹೊಳೆ ಒಂದು ಕಡೆಗೆ ಹೋಗುವ ನೀರು. ಇದು ಹೋಗುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಮುಚ್ಚಿದ ಅಂಗಡಿಯೊಂದರ ಗರಿಗಳ ಮಾಡಿನ ಕೆಳಗೆ ಕೂತರು. ಅವಳು ಅವನ ಎದುರಿಗೆ ಸರಿದು, ಮುಖ ಕಾಣುವಂತೆ ಕೂತಳು.

"ಯಾವಾಗಿಂದ ಕೇಳಸವಲ್ದು?"

ಗಾಳೆಪ್ಪ ಮರಳಿನ ಕಡೆ ನೋಡಿದ. ಅವಳು ಗದ್ದ ಹಿಡಿದು ಎತ್ತಿದಳು. "ನನ್ನ ನೋಡ್ರಿ. ಯಾವಾಗಿಂದ?"

"ಗುಡ್ಡಕ್ಕ ಹೋಗಿ ಎರಡು ವರ್ಷಕ್ಕ ಒಂದು ಕಿವಿ ಮಂದ ಆತು" ಅಂದ. "ಆಮ್ಯಾಲ ಇನ್ನೊಂದು. ಈಗ ಯಾವಾಗ್ಲೂ ಒಳಗ ಕ್ರಷರ್ ತಿರುಗಿದಂಗ ಇರ್ತೈತಿ. ಮಷೀನ್ ಬಂದ್ ಆದ್ರೂ ಅದು ಬಂದ್ ಆಗಲ್ಲ."

"ಯಾಕ ಹೇಳಲಿಲ್ಲ?"

"ಕೆಪ್ಪ ಅಂತ ಗೊತ್ತಾದ್ರ ಮಷೀನ್ ಮ್ಯಾಲ ಯಾರು ನಿಂದ್ರಸ್ತಾರ? ಮತ್ತ... ನೀ ನಗ್ತಿ ಅಂದ್ಕೊಂಡೆ. ಮೊದ್ಲು ನಾನು ಮಾತಾಡಾಕ ಹತ್ತಿದ್ರ ನೀ ಭಾಳ ನಗ್ತಿದ್ದಿ."

ಪಂಪಾವತಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮರಳು ಹಿಡಿದು ಅವನ ಕಾಲಿನ ಮೇಲೆ ಎಸೆದಳು. ಮತ್ತೊಂದು ಹಿಡಿ. ಅವನು ತಡೆಯಲಿಲ್ಲ. "ಸೊಕ್ಕಿನ ಮನಶ್ಯಾ ಅಂದ್ಕೊಂಡಿದ್ನಲ್ಲ ನಾನು! ಎಷ್ಟು ರಾತ್ರಿ ನಿಮ್ಮ ಬೆನ್ನಿಗೆ ಹೇಳ್ಕೊಂಡು ಅತ್ತೀನಿ, ಗೊತ್ತೈತೇನು?"

"ಗೊತ್ತಿಲ್ಲ" ಅಂದ ಗಾಳೆಪ್ಪ. ಅವನ ಮುಖ ಮಗುವಿನದಂತಾಗಿತ್ತು. "ಏನೇನು ಹೇಳಿದ್ದಿ? ಈಗ ಹೇಳು."

ಅವಳು ಕಣ್ಣೊರೆಸಿಕೊಂಡು ಹೇಳತೊಡಗಿದಳು. ಮಳೆ ಗರಿಗಳಿಂದ ತೊಟ್ಟಿಕ್ಕುತ್ತಿತ್ತು. ಕಡಲು ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು. ಅಪ್ಪ ಸತ್ತಾಗ ಕೊನೆಗೆ ಬಾಯಿಗೆ ನೀರು ಬಿಡಲು ತನಗೆ ಆಗಲಿಲ್ಲವೆಂಬ ಸಂಕಟ. ಕಾವ್ಯ ಹಾಸ್ಟೆಲಿಗೆ ಹೋದ ಮೇಲೆ ಸಂಜೆಯ ಹೊತ್ತು ಮನೆಯ ಗೋಡೆಗಳು ಹತ್ತಿರ ಬಂದಂತಾಗುವುದು. ಹೊಟ್ಟೆಯಲ್ಲಿ ಗಡ್ಡೆ ಇದೆಯೇನೋ ಎಂದು ಹೆದರಿ ಒಬ್ಬಳೇ ಆಸ್ಪತ್ರೆಗೆ ಹೋಗಿ, ಏನೂ ಇಲ್ಲವೆಂದು ತಿಳಿದು, ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ ತಿಂದು ಬಂದದ್ದು. ಹೇಳುತ್ತ ಹೇಳುತ್ತ ಅವೆಲ್ಲ ಯಾರೋ ಬೇರೆ ಹೆಂಗಸಿಗೆ ಆದ ಸಂಗತಿಗಳಂತೆ ಹಗುರಾಗಿ, ನೊರೆಯ ಜೊತೆ ಹೋಗಿಬಿಡುತ್ತಿದ್ದವು. ಗಾಳೆಪ್ಪ ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಮದುವೆಯ ದಿನವೂ ಅವನು ಅವಳನ್ನು ಇಷ್ಟು ನೋಡಿರಲಿಲ್ಲ.

ಒಂದು ಮಾತು ಉಳಿಯಿತು. ಅದನ್ನು ನುಂಗಿಬಿಡಬೇಕೆಂದಿದ್ದಳು, ಆಗಲಿಲ್ಲ.

"ಹೋದ ಬ್ಯಾಸಿಗ್ಯಾಗ ನಾ ಬಿಟ್ಟು ಹೊಂಟಿದ್ದೆ. ಕಂಪ್ಲಿಗೆ. ಬ್ಯಾಗ್ ತುಂಬಿ ಇಟ್ಟಿದ್ದೆ. ತಿರುಗಿ ಬರಬಾರ್ದು ಅಂತ."

"ಅದು ಗೊತ್ತೈತಿ" ಅಂದ ಗಾಳೆಪ್ಪ.

ಅವಳು ಬೆರಗಾಗಿ ನೋಡಿದಳು.

"ಕಾಟಿನ ಕೆಳಗ ಬ್ಯಾಗ್ ನೋಡ್ದೆ. ನಿನ್ನ ತವರುಮನಿ ಸೀರಿ ಎಲ್ಲಾ ಅದರಾಗಿದ್ವು. ಅವತ್ತು ನಾ ಕೆಲಸಕ್ಕ ಹೋಗಲಿಲ್ಲ. ದಿನಾ ಪೂರ್ತಿ ಹೊಸ್ತಿಲದ ಮ್ಯಾಲ ಕುಂತು ಚಪ್ಪಲಿ ಹೊಲಕೋತ ಇದ್ದೆ."

ಅವಳಿಗೆ ಆ ದಿನ ನೆನಪಾಯಿತು. ಬಾಗಿಲಿಗೆ ಅಡ್ಡಲಾಗಿ ಕೂತು, ಹರಿಯದ ಚಪ್ಪಲಿಗೆ ಸೂಜಿ ಹಾಕುತ್ತಿದ್ದ. ಅತ್ತ ಸರಿಯಿರಿ ಎಂದು ಎರಡು ಸಲ ಗದರಿದ್ದಳು. ಸರಿಯದೆ ಕೂತೇ ಇದ್ದ. ಸಂಜೆಯಾಯಿತು, ಬಸ್ ಹೋಯಿತು, ಮರುದಿನ ಅವಳ ಮನಸ್ಸೇ ಬದಲಾಗಿತ್ತು.

"ಬಾಯಿ ಬಿಟ್ಟು ಹೋಗಬ್ಯಾಡ ಅನ್ನಬಾರ್ದಿತ್ತೇನು?"

"ನೀ ಮುಖ ತಿರುವಿ ಏನರ ಅಂದಿದ್ರ ನನಗ ಕೇಳ್ತಿದ್ದಿಲ್ಲಲ್ಲ. ಹೆದರಿಕಿ ಆತು."

ಪಂಪಾವತಿಗೆ ನಗು ಬಂತು. ಅದರ ಹಿಂದೆಯೇ ಅಳು. ಎರಡೂ ಕೂಡಿ ಬಂದದ್ದರಿಂದ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗಾಳೆಪ್ಪ ಮೆಲ್ಲಗೆ ಸೆರಗು ಸರಿಸಿದ. ಮುಖ ಮುಚ್ಚಿದರೆ ಅವನಿಗೆ ಏನೂ ತಿಳಿಯುವಂತಿರಲಿಲ್ಲ.

ಮರುದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಮೀನುಗಾರರ ದೋಣಿಗಳು ತೆಂಗಿನ ಗರಿ ಹೊದ್ದು ಮಲಗಿದ್ದವು. ದಂಡೆಯುದ್ದಕ್ಕೂ ಮನುಷ್ಯರ ಸುಳಿವಿರಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿ, ಪಾದ ಮುಳುಗುವಷ್ಟೇ ನೀರಿನಲ್ಲಿ ನಿಂತಳು. ಅವನು ಪಕ್ಕದಲ್ಲಿ. ದೂರದಲ್ಲಿ ಮುರಿದ ಅಲೆಯ ಗುದ್ದು ಒದ್ದೆ ಮರಳಿನೊಳಗಿಂದ ಬಂದು ಅಂಗಾಲಿಗೆ ತಟ್ಟುತ್ತಿತ್ತು.

"ಕೇಳಾಕ ಹತ್ತೈತಿ" ಅಂದ ಗಾಳೆಪ್ಪ, ಕಾಲಿನ ಕಡೆ ಬೆರಳು ತೋರಿಸಿ. "ಇಲ್ಲೆ."

ಅವಳು ಕಣ್ಣು ಮುಚ್ಚಿ ತಾನೂ ಹಾಗೇ ಕೇಳಲು ನೋಡಿದಳು. ಕಿವಿಯಲ್ಲಿ ಕೇಳಿದ್ದಕ್ಕಿಂತ ಅದು ನಿಧಾನವಾಗಿತ್ತು. ದೊಡ್ಡದೊಂದು ಪ್ರಾಣಿ ನಿದ್ದೆಯಲ್ಲಿ ಉಸಿರಾಡಿದಂತೆ. ಎಷ್ಟೋ ಹೊತ್ತು ಇಬ್ಬರೂ ಹಾಗೇ ನಿಂತರು. ಹೊತ್ತು ಏರಿತೋ ಇಳಿಯಿತೋ ಮೋಡದಲ್ಲಿ ತಿಳಿಯಲಿಲ್ಲ.

ಹಿಂತಿರುಗುವಾಗ ಅವಳು ಹಟ ಹಿಡಿದು ಹುಬ್ಬಳ್ಳಿಯಲ್ಲಿ ಇಳಿಸಿದಳು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಕಿವಿಗೆ ಮಷೀನು ಹಾಕಿದರೆ ಒಂದಿಷ್ಟು ಅನುಕೂಲ, ಗುಡ್ಡದ ಆ ಕೆಲಸ ಮಾತ್ರ ಇನ್ನು ಬೇಡ ಅಂದರು. ಗಾಳೆಪ್ಪನ ಮುಖ ಸಣ್ಣದಾಯಿತು.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಪಂಪಾವತಿ ಅವನ ಎದುರಿಗೆ ಬಂದು ನಿಂತಳು. ಹಾದುಹೋಗುವ ಜನ ಇವರನ್ನು ಬಳಸಿಕೊಂಡು ಹೋಗಬೇಕಾಯಿತು.

"ಮಾಲೀಕರಿಗೆ ನಾನ ಹೇಳ್ತೀನಿ" ಅಂದಳು. "ಲಾರಿ ಗೇಟಿನ್ಯಾಗ ಕೆಲಸ ಕೊಟ್ರ ಮಾಡ್ರಿ. ಇಲ್ಲಾಂದ್ರ ಕಂಪ್ಲಿಗೆ ಹೋಗಾಣ. ನಮ್ಮಣ್ಣ ಬಾಳಿ ತೋಟ ನೋಡ್ಕೊಳ್ಳಾಕ ಮಂದಿ ಹುಡುಕಾಕ ಹತ್ಯಾನ. ಹೊಟ್ಟಿಗೇನು ಕಡಿಮಿ ಆಗಲ್ಲ."

"ಅಲ್ಲಿ ಎಲ್ಲಾರೂ ಒಮ್ಮೆಲೆ ಮಾತಾಡ್ತಾರಲ್ಲ" ಅಂದ ಅವನು, ಅಳುಕುತ್ತ. "ನನಗ ಒಂದೂ ತಿಳಿಯಲ್ಲ."

"ಅವರು ಆಡೋದ್ರಾಗ ತಿಳ್ಕೊಳ್ಳುವಂಥದ್ದು ಏನೂ ಇರಲ್ಲ ಬಿಡ್ರಿ."

ಗಾಳೆಪ್ಪ ಜೋರಾಗಿ ನಕ್ಕ. ತನ್ನ ನಗು ಎಷ್ಟು ಗಟ್ಟಿ ಎಂಬುದು ಅವನಿಗೆ ತಿಳಿಯದು. ಚಹದ ಅಂಗಡಿಯವನು ತಿರುಗಿ ನೋಡಿದ. ಪಂಪಾವತಿ ನಾಚಿಕೊಳ್ಳಲಿಲ್ಲ. ಅಲ್ಲೇ ಎರಡು ಚಹ ಹೇಳಿದಳು.