ತಾನಾಗಿ ಉದುರಿದ್ದು

ಇದರಾಗೆ ಒಂದಕ್ಷರ ಸುಳ್ಳಿದ್ರೆ ಹೇಳೋನ ಎಮ್ಮೆ ಬತ್ತಿ ಹೋಗಲಿ. ಹೇಳೋನಿಗೆ ಎಮ್ಮೆ ಇಲ್ಲ ಅನ್ನೋದು ಬೇರೆ ಮಾತು.

ಎಮರ್ಜೆನ್ಸಿ ಮುಗಿದ ವರ್ಷ, ಜಗಳೂರು ಕಡೆ ಒಂದೂರಲ್ಲಿ, ತಿಪ್ಪೇಶಪ್ಪ ಮುದ್ದೆ ಮುರಿಯುತ್ತಾ ಹೆಂಡತಿ ಗಾದ್ರಮ್ಮನ ಮುಂದೆ ಆಡಬಾರದ ಮಾತಾಡಿಬಿಟ್ಟ.

"ಪಕ್ಕದ ಮನೆ ಕರಿಯಕ್ಕನ ಸಾರು ಬಲು ರುಚಿ ಐತೆ."

"ಅದನ್ಯಾವಾಗ ಉಂಡ್ರಿ?"

"ಉಂಡಿಲ್ಲ ಮಾರಾಯ್ತಿ. ವಾಸನೆ ಬಂತು."

ಗಾದ್ರಮ್ಮನ ಹೊಟ್ಟೆಯಲ್ಲಿ ಹತ್ತಿದ ಕಿಚ್ಚಿಗೆ ಇನ್ನೊಂದು ಎಸರು ಇಡಬಹುದಿತ್ತು.

ಆ ಸಾರಿನ ಗುಟ್ಟು ಅವಳಿಗೆ ಗೊತ್ತಿತ್ತು. ಗೋಕಟ್ಟೆ ಮಗ್ಗುಲಿನ ಊರ ಹುಣಸೆಮರದ ಹಣ್ಣು. ತಾನಾಗಿ ಉದುರಿದ್ದನ್ನ ಯಾರು ಬೇಕಾದ್ರೂ ಆಯ್ಕೊಳ್ಳಬಹುದು. ಯುಗಾದಿಗೆ ಮುಂಚೆ ಊರೆಲ್ಲ ಸೇರಿ ಬಡಿದು, ಮನೆಗಿಷ್ಟು ಅಂತ ಮೊರದಲ್ಲಿ ಹಂಚಿಕೊಳ್ಳೋವರೆಗೆ ಮರಕ್ಕೆ ಕೋಲು ಮುಟ್ಟಿಸೋ ಹಂಗಿಲ್ಲ.

ಗಾದ್ರಮ್ಮ ಕೋಳಿ ಕೂಗೋ ಹೊತ್ತಿಗೆ ಎದ್ದು ಹೋದಳು. ಕರಿಯಕ್ಕ ಉಡಿ ತುಂಬಿಕೊಂಡು ಎದುರಿಗೇ ಬಂದಳು. ಮಾರನೇ ದಿನ ಇನ್ನೂ ಮುಂಚೆ ಹೋದರೆ ಆಗಲೂ ಅವಳೇ. ಹಿಂಗೇ ಮುಂಚೆ ಮುಂಚೆ ಏಳ್ತಾ ಏಳ್ತಾ ಗಾದ್ರಮ್ಮ ಕೊನೆಗೆ ಮಲಗೋದಕ್ಕೆ ಮೊದಲೇ ಏಳಾಕೆ ಹತ್ತಿದಳು. ಊರ ಹುಂಜಗಳು ಅವಳ ಬಾಗಿಲ ಸದ್ದು ಕೇಳಿ ಕೂಗುತ್ತಿದ್ದವು.

"ಯಾಕೆ ಗಾದ್ರವ್ವ, ನಿದ್ದೆ ಬರಲ್ವೇನೆ?" ಅಂದಳು ಕರಿಯಕ್ಕ.

"ನನ್ನ ನಿದ್ದೆ ಚಿಂತೆ ನಿನಗ್ಯಾಕಕ್ಕ? ನಿನ್ನ ಉಡಿ ಹರಿದೀತು, ನೋಡ್ಕೋ."

ಊರೆಲ್ಲ ಸಂತೆಗೆ ಹೋದ ಮಧ್ಯಾಹ್ನ ಗಾದ್ರಮ್ಮ ನುಗ್ಗೆಕಾಯಿ ಕೀಳೋ ದೋಟಿ ತಂದಳು. ಬಡಿದಾಗ ಬಿದ್ದದ್ದೂ ಬಿದ್ದದ್ದೇ ತಾನೆ ಅಂದುಕೊಂಡು ಬಡಿದಳು. ಹಸಿಗಾಯಿ, ಎಳೆ ಟೊಂಗೆ ಎಲ್ಲ ಉದುರಿದವು. ಅದರ ಸಾರು ಬಾಯಿಗಿಟ್ಟಾಗ ಹುಳಿಗೆ ಮುಚ್ಚಿದ ತಿಪ್ಪೇಶಪ್ಪನ ಎಡಗಣ್ಣು ಯುಗಾದಿವರೆಗೆ ತೆರೀಲಿಲ್ಲ.

"ಹೆಂಗೈತೆ?"

"ಐತೆ" ಅಂದ, ಒಂದೇ ಕಣ್ಣಲ್ಲಿ.

ಹಣ್ಣಾಗಿದ್ದು ಇನ್ನೂ ಮೇಲಿರಬೇಕು ಅಂತ ಮುಂದಿನ ಸಂತೆಗೂ, ಅದರ ಮುಂದಿನ ಸಂತೆಗೂ ದೋಟಿ ಎದ್ದಿತು.

ಊರವರು ಮರ ಬಡಿದ ದಿನ ರಾಶಿ ಗುಬ್ಬಿಗೂಡಿನಷ್ಟಿತ್ತು. ಹಂಚೋ ಯಜಮಾನ ದೊಡ್ಡಣ್ಣ ಮೊರ ಬದಿಗಿಟ್ಟು ಅಳೆಯಾಕೆ ಚಟಾಕು ತರಿಸಿದ.

"ಈ ಸಲ ಗಾಳಿ ದೋಟಿ ಹಿಡ್ಕೊಂಡು ಬಂದಿತ್ತು ಅಂತ ಕಾಣ್ತೈತೆ" ಅಂದ, ಯಾರ ಮುಖಾನೂ ನೋಡದೆ.

ಕರಿಯಕ್ಕ ಮನೆಗೆ ಹೋದಳು. ತಾನು ಆಯ್ದಿಟ್ಟದ್ದನ್ನೆಲ್ಲ ಪುಟ್ಟಿಯಲ್ಲಿ ತಂದು ರಾಶಿಗೆ ಸುರಿದಳು. ಮನೆಗೊಂದು ಬೊಗಸೆ ಬಂತು, ಗಾದ್ರಮ್ಮನಿಗೂ ಬಂತು. ಹಂಗೆ ಸುರಿಯೋ ಕೈ ಕಂಡೂ ಅವಳಿಗೆ ಹೊಟ್ಟೆ ಉರಿಯಿತು.

ಜನ ಚದುರಿದ ಮೇಲೆ ಅವಳು ಕರಿಯಕ್ಕನ ಹತ್ತಿರ ಬಂದಳು.

"ಅಕ್ಕ, ನಾನು ಬಡೀಲಿಲ್ಲ. ದೋಟಿ ಸುಮ್ನೆ ಮರಕ್ಕೆ ಒರಗಿಸಿದ್ದೆ. ಅಷ್ಟರಾಗೆ ಮೂಡ್ಲ ಗಾಳಿ ಬೀಸಿ, ದೋಟಿ ತಾನಾಗೇ ಎದ್ದು—"

ಕರಿಯಕ್ಕ ಖಾಲಿ ಪುಟ್ಟಿ ಕಂಕುಳಿಗಿಟ್ಟುಕೊಂಡು ನಡೆದೇಬಿಟ್ಟಳು.

ಮರದ ನೆತ್ತಿಯಲ್ಲಿ, ಯಾವ ಕೋಲಿಗೂ ಎಟುಕದ ಒಂದು ಹಣ್ಣು ತೂಗುತ್ತಿತ್ತು. ಗಾದ್ರಮ್ಮ ಅತ್ತಿತ್ತ ನೋಡಿದಳು. ಆಮೇಲೆ ಅದರ ಕೆಳಗೆ ಹೋಗಿ ಸೆರಗೊಡ್ಡಿ ನಿಂತಳು.